ನಿರ್ವಿಚಿಕಿತ್ಸೆಯೂ ಕರುಳಿನ ಬೇನೆಯೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸಾ ಅಂಗ. ದೇಹದ ಮಲ, ರೋಗಗಳನ್ನು ಕಂಡು ಹೇಸದಿರುವುದು ಅದರ ಲಕ್ಷಣ. ಮುನಿವೇಷದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದಾಗಲೂ ಅಸಹ್ಯಪಡದೆ ಸೇವೆಗೈದ ಉದ್ದಾಯನ ಮಹಾರಾಜನ ಕಥೆಯನ್ನು ಕೇಳದ ಶ್ರಾವಕರು ವಿರಳ. ಆದರೆ ನಮ್ಮ ಮನೆಯವರೇ ಒಬ್ಬರು ಬೆಳಗಾಗುವಷ್ಟರಲ್ಲಿ ನಾಲ್ಕು ಸಲ ಶೌಚಕ್ಕೆ ಹೋಗಬೇಕಾಗಿ ಬಂದರೆ ನಾವು ಹೇಗೆ ನಡೆದುಕೊಳ್ಳುತ್ತೇವೆ? ಇದೇ ಈ ಪಾಠದ ವಿಚಾರ.

ವ್ಯಾಧಿಯ ಸ್ವರೂಪ

ವೈದ್ಯರು ಇದನ್ನು ಇರಿಟಬಲ್ ಬವೆಲ್ ಸಿಂಡ್ರೋಮ್, ಸಂಕ್ಷೇಪವಾಗಿ ಐ.ಬಿ.ಎಸ್. ಎನ್ನುತ್ತಾರೆ. ಹೊಟ್ಟೆನೋವು, ಉಬ್ಬರ, ಅತಿಸಾರ ಅಥವಾ ಮಲಬದ್ಧತೆ, ಕೆಲವರಲ್ಲಿ ಎರಡೂ ಸರದಿಯಂತೆ ತೋರುವುವು. 2016ರಲ್ಲಿ ಪರಿಷ್ಕೃತವಾದ 'ರೋಮ್' ನಿಯಮಗಳಂತೆ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ 1 ದಿನವಾದರೂ ನೋವಿದ್ದು, ಅದು ಮಲವಿಸರ್ಜನೆ, ಮಲವಿಸರ್ಜನೆಯ ಸಲಗಳ ವ್ಯತ್ಯಾಸ, ಮಲದ ರೂಪದ ವ್ಯತ್ಯಾಸ ಇವುಗಳಲ್ಲಿ ಎರಡರೊಡನೆಯಾದರೂ ಕೂಡಿರಬೇಕು. ಬೇನೆಯು 6 ತಿಂಗಳ ಹಿಂದೆಯೇ ಆರಂಭವಾಗಿರಬೇಕು. ಕರುಳಿನೊಳಗೆ ಹುಣ್ಣು ಕಾಣುವುದಿಲ್ಲ. ಇದು ಅರ್ಬುದವಾಗಿಯೂ ಪರಿಣಮಿಸುವುದಿಲ್ಲ. ಮೆದುಳಿಗೂ ಕರುಳಿಗೂ ಇರುವ ನರಸಂಬಂಧದ ಹೊಂದಾಣಿಕೆ ತಪ್ಪಿ, ಸಾಮಾನ್ಯ ವಾಯುವೂ ನೋವಾಗಿ ಅನುಭವಕ್ಕೆ ಬರುತ್ತದೆ. 'ಪರೀಕ್ಷೆಯಲ್ಲಿ ಏನೂ ಇಲ್ಲ' ಎಂದೊಡನೆ ನೋವು ಸುಳ್ಳೆಂದು ಭಾವಿಸಲಾಗದು.

ನಿತ್ಯಜೀವನದ ಮೇಲೆ ಪರಿಣಾಮ

ಇಂತಹವರು ಬಸ್ಸು ಹತ್ತುವ ಮುನ್ನ ಶೌಚಗೃಹವನ್ನು ವಿಚಾರಿಸುತ್ತಾರೆ. ಪ್ರವಚನದಲ್ಲಿ ಬಾಗಿಲ ಬಳಿ ಕೂರುತ್ತಾರೆ. ಮದುವೆಯ ಊಟಕ್ಕೆ ನೆವ ಹೇಳುತ್ತಾರೆ. ಅಭಿಷೇಕಕ್ಕಾಗಿ ಸ್ನಾನಮಾಡಿ ಶುದ್ಧವಸ್ತ್ರ ಉಟ್ಟ ಮೇಲೆ ಹೊಟ್ಟೆ ಕೆರಳಿದರೆ ಪುನಃ ಸ್ನಾನ, ಪುನಃ ವಸ್ತ್ರ. ಕಡೆಗೆ ಬಸದಿಗೆ ಹೋಗುವುದನ್ನೇ ಬಿಡುತ್ತಾರೆ. ನೆರೆಯವರು ಅದನ್ನು ಆಲಸ್ಯವೆನ್ನುತ್ತಾರೆ. ನಾಚಿಕೆ ಚಿಂತೆಯನ್ನೂ, ಚಿಂತೆ ಬೇನೆಯನ್ನೂ ಹೆಚ್ಚಿಸುತ್ತದೆ.

ಹಿಂದೆ ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಪದೇಪದೇ ಹೊರಹೋಗಲು ಅಪ್ಪಣೆ ಕೇಳುತ್ತಿದ್ದನು. ಕಳ್ಳಾಟವೆಂದೆಣಿಸಿ ಒಂದು ದಿನ ನಾನು ಅಪ್ಪಣೆ ಕೊಡಲಿಲ್ಲ. ಅಂದು ಸಹಪಾಠಿಗಳ ಎದುರಿನಲ್ಲಿ ಆತನಿಗಾದ ಅವಮಾನಕ್ಕೆ ನಾನೇ ಕಾರಣನು. ಅನಂತರ ಆತನು ಶಾಲೆಗೆ ಬರಲಿಲ್ಲ. ನಿವೃತ್ತಿಯ ಬಳಿಕ ನನ್ನ ಸೊಸೆಗೆ ಈ ವ್ಯಾಧಿಯಿದೆಯೆಂದು ವೈದ್ಯರು ತಿಳಿಸಿದಾಗ ಆ ಬಾಲಕನ ಮುಖ ಕಣ್ಣೆದುರು ನಿಂತಿತು. ಪ್ರತಿಕ್ರಮಣದಲ್ಲಿ ಇಂದಿಗೂ ಆ ದೋಷವನ್ನು ನೆನೆಯುತ್ತೇನೆ.

ವ್ರತಾಚರಣೆಯಲ್ಲಿ ವಿವೇಕ

ಷೋಡಶ ಕಾರಣ ಭಾವನೆಗಳಲ್ಲಿ 'ಶಕ್ತಿತಸ್ತಪ' ಒಂದು. ಶಕ್ತಿಯನ್ನು ಮರೆಮಾಚಲೂಬಾರದು, ಮೀರಲೂಬಾರದು. ಬಾಹ್ಯತಪಗಳು ಆರು, ಅನಶನವು ಅವುಗಳಲ್ಲಿ ಒಂದು ಮಾತ್ರ. ದೀರ್ಘ ಉಪವಾಸ, ಅದರ ಹಿಂದೆಯೇ ಪಾಯಸ ಹೋಳಿಗೆಗಳ ಪಾರಣೆ, ಇವು ಕೆರಳಿದ ಕರುಳಿಗೆ ಹೊರೆ. ಇಂತಹವರಿಗೆ ಹಗಲಿನಲ್ಲಿ ನಿಯತವೇಳೆಗೆ ಸ್ವಲ್ಪಸ್ವಲ್ಪವೇ ಉಣ್ಣುವ ಅವಮೌದರ್ಯವು ಯುಕ್ತ. ರಾತ್ರಿಭೋಜನ ತ್ಯಾಗಕ್ಕೆ ಇದರಿಂದ ಬಾಧೆಯಿಲ್ಲ.

ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯದಲ್ಲಿ ಮೊದಲು ವರ್ಜಿಸುವ ಪದಾರ್ಥಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳು ಸೇರಿವೆ. ಅವನ್ನು ನಾವು ಅಹಿಂಸೆಗಾಗಿ ಬಿಟ್ಟವರು. ಆದರೆ ಗೋಧಿ, ಹಾಲು, ಕಾಳುಬೇಳೆಗಳೂ ಆ ಪಟ್ಟಿಯಲ್ಲಿವೆ. ಹಾಲು ಒಗ್ಗದವರಿಗೆ ರಸಪರಿತ್ಯಾಗವು ಪಥ್ಯವೂ ಆದೀತು. ಆದರೆ ಭಾವವಿಲ್ಲದ ಪಥ್ಯವು ತಪಸ್ಸಲ್ಲ. ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ದೇಹ ಕೃಶವಾಗುತ್ತದೆ. ಕೆಲವು ವಾರ ಬಿಟ್ಟು, ಒಂದೊಂದಾಗಿ ಮರಳಿ ಸೇವಿಸಿ, ಒಗ್ಗದುದನ್ನು ಗುರುತಿಸಬೇಕು. ಇದನ್ನು ವೈದ್ಯರ ಸಲಹೆಯಂತೆಯೇ ಮಾಡತಕ್ಕದ್ದು. ನೀರಿನೊಡನೆ ಇಸಬಗೋಲು ಹಲವರಿಗೆ ಹಿತ. ಗೋಧಿಯ ತೌಡು ಕೆಲವರಲ್ಲಿ ಬೇನೆಯನ್ನು ಹೆಚ್ಚಿಸುತ್ತದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವಿಕೆ, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ವರ್ಷದ ಮೇಲೆ ಹೊಸದಾಗಿ ಆರಂಭ, ಇವುಗಳಲ್ಲಿ ಒಂದಿದ್ದರೂ ವಿಳಂಬಿಸದೆ ತಪಾಸಣೆ ಮಾಡಿಸಬೇಕು.

ಈ ಸಲದ ದಶಲಕ್ಷಣ ಪರ್ವದಲ್ಲಿ ಮನೆಯಲ್ಲಿ ಯಾರಾದರೂ ಉಪವಾಸ ಮಾಡದಿದ್ದರೆ 'ಏಕೆ' ಎಂದು ಎಲ್ಲರೆದುರು ಕೇಳದಿರೋಣ. ಹಿತವಾದ ಅನ್ನವನ್ನು ಹೊತ್ತಿಗೆ ಸರಿಯಾಗಿ ಬಡಿಸೋಣ. ವೈಯಾವೃತ್ಯವು ಅಂತರಂಗ ತಪಗಳಲ್ಲಿ ಒಂದು. ಉಣ್ಣದವನ ತಪಸ್ಸಿನಂತೆ, ಅರಿತು ಬಡಿಸಿದವಳ ತಪಸ್ಸೂ ನಿರ್ಜರೆಗೆ ಕಾರಣವೆಂಬುದನ್ನು ಮನೆಯ ಮಕ್ಕಳಿಗೂ ತಿಳಿಸಿಕೊಡಬೇಕು.