ಗಾಲಿ ಮೊದಲು, ಕೊಕ್ಕೆ ಆಮೇಲೆ

ತಮ್ಮಾ, ಚೋರ್ ಬಜಾರಿನಿಂದ ನೀನು ತಂದ ಆ ಹಳೆಯ ಎನ್ ಸ್ಕೇಲ್ ಮಾದರಿ ರೈಲಿನ ಬೋಗಿಗಳನ್ನು ತಿರುವಿ ಮುರುವಿ ನೋಡಿದೆ. ಸರಕು ಕೆಟ್ಟದ್ದೇನಲ್ಲ. ಗಾಲಿ ಪ್ಲಾಸ್ಟಿಕ್ಕಿನವು, ಕೊಕ್ಕೆ, ಅಂದರೆ ಕಪ್ಲರ್, ಹಳೆಯ ರಾಪಿಡೊ ಬಗೆಯದು. ಎರಡನ್ನೂ ಬದಲಿಸಬೇಕೆಂಬ ನಿನ್ನ ಆಸೆಯೂ ಸರಿಯೇ. ಆದರೆ ಕಪ್ಲರ್ ಬಿಚ್ಚಲು ಕೂತಿದ್ದೀಯಲ್ಲ, ಅದನ್ನು ಸದ್ಯಕ್ಕೆ ಬಿಡು. ಕಪ್ಲರ್ ಎದ್ದು ಕಾಣುತ್ತದೆ, ಗಾಲಿ ಬೋಗಿಯ ಹೊಟ್ಟೆಯ ಕೆಳಗೆ ಅಡಗಿರುತ್ತದೆ. ಹಾಗಾಗಿ ಹುಡುಗರೆಲ್ಲ ಮೊದಲು ಕೈಹಾಕುವುದು ಕಪ್ಲರಿಗೇ.

ಕಪ್ಲರ್ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ಹೇಳುವುದು ಗಾಲಿ. ಗಾಲಿಯ ವ್ಯಾಸ ಅರ್ಧ ಮಿಲಿಮೀಟರ್ ಕಡಿಮೆಯಾದರೆ ಇಡೀ ಬೋಗಿ ಕಾಲು ಮಿಲಿಮೀಟರ್ ಇಳಿಯಿತು ಅಂತಲೇ ಲೆಕ್ಕ. ಮಾಟುಂಗಾ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾಗ ನಾವು ದಿನವೂ ಇದೇ ಲೆಕ್ಕದಲ್ಲಿ ಮುಳುಗಿರುತ್ತಿದ್ದೆವು. ಹಳೆಯ ಮಾದರಿಯ ಐಸಿಎಫ್ ಬೋಗಿಯ ಹೊಸ ಗಾಲಿ 915 ಮಿ.ಮೀ. ಓಡಿ ಸವೆದು, ಲೇತಿಗೆ ಹೋಗಿ ಬಂದು, ಅದು ಸಣ್ಣದಾಗುತ್ತಲೇ ಇರುತ್ತದೆ. ಬೋಗಿಯೂ ಅದರ ಜೊತೆ ಕೆಳಗಿಳಿಯುತ್ತದೆ. ಬೋಗಿಯ ತುದಿಯ ಬಫರಿನ ಎತ್ತರ ಹಳಿಯಿಂದ 1105 ಮಿ.ಮೀ. ದಾಟುವಂತಿಲ್ಲ, 1030ಕ್ಕಿಂತ ಇಳಿಯುವಂತಿಲ್ಲ. ಅದಕ್ಕಾಗಿ ಸ್ಪ್ರಿಂಗಿನ ಬುಡಕ್ಕೆ ಪ್ಯಾಕಿಂಗ್ ರಿಂಗ್ ಕೊಟ್ಟು ಎತ್ತರ ಹೊಂದಿಸುತ್ತಾರೆ. ಮೇಲಕ್ಕೂ ಕೆಳಕ್ಕೂ ಸೇರಿ ಸಿಗುವ ಸಡಿಲು 75 ಮಿ.ಮೀ. ಎನ್ ಸ್ಕೇಲ್ ಅಂದರೆ ನಿಜದ 160ರಲ್ಲಿ ಒಂದು ಪಾಲು, ಈಗ ಅದನ್ನು 160ರಿಂದ ಭಾಗಿಸು. ನಿನ್ನ ಬೋಗಿಗೆ ಉಳಿಯುವುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಕೊಕ್ಕೆ ಮೊದಲು ಕೂರಿಸಿ ಗಾಲಿ ಆಮೇಲೆ ಹಾಕಿದರೆ ಕೊಕ್ಕೆಯ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ, ಅಷ್ಟೆ.

ನಾಗದೇವಿ ಸ್ಟ್ರೀಟಿಗೆ ಹೋಗಿ ಒಂದು ವರ್ನಿಯರ್ ಕ್ಯಾಲಿಪರ್ ತಗೊ. ಹಳೆಯ ಗಾಲಿಯ ವ್ಯಾಸ ಅಳೆ. ಯುರೋಪಿನ ಪ್ರಯಾಣಿಕ ಬೋಗಿಯ ಗಾಲಿ 920 ಮಿ.ಮೀ., ಅಮೆರಿಕದ ಪ್ಯಾಕೆಟ್ಟಿನ ಮೇಲೆ 36 ಇಂಚು ಅಂತ ಬರೆದಿರುವುದೂ ಹೆಚ್ಚುಕಡಿಮೆ ಅದೇ. ಎನ್ ಸ್ಕೇಲಿನಲ್ಲಿ ಎರಡೂ 5.7 ಮಿ.ಮೀ. ಆಸುಪಾಸು. 33 ಇಂಚಿನದು ಗೂಡ್ಸಿನದು, 5.2ಕ್ಕೆ ಬರುತ್ತದೆ, ಅದನ್ನು ಪ್ರಯಾಣಿಕ ಬೋಗಿಗೆ ಹಾಕಬೇಡ.

ವ್ಯಾಸಕ್ಕಿಂತ ಮುಖ್ಯವಾದದ್ದು ಅಚ್ಚಿನ ಉದ್ದ. ಅಚ್ಚಿನ ಎರಡೂ ತುದಿ ಸೂಜಿಯಂತೆ ಚೂಪಾಗಿದ್ದು, ಟ್ರಾಲಿಯ, ಅಂದರೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟಿನ, ಕುಳಿಯಲ್ಲಿ ಕೂರುತ್ತವೆ. ಉದ್ದ ಜಾಸ್ತಿಯಾದರೆ ಟ್ರಾಲಿಯನ್ನು ಹಿಗ್ಗಲಿಸಿ ಬಿಗಿಯುತ್ತದೆ, ಕಡಿಮೆಯಾದರೆ ಅಲ್ಲಾಡುತ್ತದೆ. ತುದಿಯಿಂದ ತುದಿಗೆ ಅಳೆದು ಅದೇ ಅಳತೆಯದನ್ನು ತರಿಸು. ಹಾಕಿದ ಮೇಲೆ ಹಳಿಯ ಒಂದು ತುದಿಯನ್ನು ಸ್ವಲ್ಪ ಎತ್ತರಿಸಿ, ಬೋಗಿಯನ್ನು ತಳ್ಳದೆ ಸುಮ್ಮನೆ ಬಿಡು. ತಾನಾಗಿ ಉರುಳಬೇಕು. ಉರುಳದಿದ್ದರೆ ಎಣ್ಣೆ ಹಾಕಲು ಹೋಗಬೇಡ. ಈ ಸೂಜಿಮೊನೆಗೆ ಎಣ್ಣೆ ಬೇಕಿಲ್ಲ. ಹಾಕಿದರೆ ನಮ್ಮ ಈ ಬೈಕುಲ್ಲಾದ ಧೂಳೆಲ್ಲ ಅಲ್ಲಿಗೇ ಬಂದು ಅಂಟುತ್ತದೆ.

ಆಮೇಲೆ ಎರಡು ಗಾಲಿಗಳ ಒಳಬೆನ್ನಿನ ನಡುವಿನ ಅಂತರ. ಮಾದರಿ ರೈಲಿನ ಸಂಘವಾದ ಎನ್‌ಎಂಆರ್‌ಎಯವರ ತಗಡಿನ ಗೇಜ್ ಒಂದು ಸಿಗುತ್ತದೆ, ಅದರ ಕಚ್ಚಿನಲ್ಲಿ ಗಾಲಿ ಕೂತರೆ ಸರಿ. ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ಬೋಗಿ ಎಗರಿದಾಗಲೆಲ್ಲ ಹುಡುಗರು ಪಾಯಿಂಟನ್ನು ಬೈಯುತ್ತಾರೆ, ತಪ್ಪು ಬಹುಮಟ್ಟಿಗೆ ಈ ಅಂತರದಲ್ಲಿರುತ್ತದೆ. ಇನ್ನು ನಿನ್ನ ಹಳೆಯ ಗಾಲಿಗಳ ಅಂಚಿನ ಫ್ಲಾಂಜ್ ನೋಡಿದೆಯಾ, ಎಷ್ಟು ಉದ್ದ! ಪಿಜ್ಜಾ ಕಟರ್ ಅಂತ ಅದನ್ನು ಹಾಸ್ಯ ಮಾಡುತ್ತಾರೆ. ಎರಡು ಮಿ.ಮೀ. ಎತ್ತರದ ಕೋಡ್ 80 ಹಳಿಯ ಮೇಲೆ ಅದು ಓಡುತ್ತದೆ. ಅದಕ್ಕಿಂತ ತಗ್ಗಿನ ಕೋಡ್ 55 ಹಾಸಿದರೆ ಹಳಿ ಹಿಡಿದಿರುವ ಮೊಳೆಗಳ ತಲೆಗೆ ಬಡಿದು ಟಕಟಕ ಎನ್ನುತ್ತದೆ.

ಲೋಹದ ಗಾಲಿ ತಂದರೆ ಒಂದು ಎಚ್ಚರ ಬೇಕು. ಜೋಡಿಯಲ್ಲಿ ಒಂದು ಗಾಲಿಯಾದರೂ ಅಚ್ಚಿನಿಂದ ಇನ್ಸುಲೇಟ್ ಆಗಿರಬೇಕು, ಇಲ್ಲದಿದ್ದರೆ ಎರಡೂ ಹಳಿ ಸೇರಿ ಶಾರ್ಟ್ ಆಗುತ್ತದೆ. ಕೊಳೆ ಹಿಡಿದಾಗ ಮರಳುಕಾಗದದಿಂದ ಉಜ್ಜಲೇಬೇಡ, ಆ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತದೆ. ಹಳಿಯ ಮೇಲೆ ಬಟ್ಟೆ ಹಾಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತೊಟ್ಟಿಕ್ಕಿಸಿ, ಬೋಗಿಯನ್ನು ಹಿಂದೆ ಮುಂದೆ ಓಡಿಸು. ಗಾಲಿಯ ಓಟದ ಮೈ ಸಪಾಟಲ್ಲ, ಸುಮಾರು ಮೂರು ಡಿಗ್ರಿ ಇಳಿಜಾರು. ದೊಡ್ಡ ಗಾಲಿಯ ಹಳೆಯ ಲೆಕ್ಕ 20ಕ್ಕೆ 1, ಅದೂ ಅಷ್ಟೇ ಆಯಿತು. ಬೋಗಿ ಹಳಿಯ ನಡುವೆ ನಿಲ್ಲುವುದು ಆ ಇಳಿಜಾರಿನಿಂದ. ಅದನ್ನು ಉಜ್ಜಿ ಕಳೆಯಬೇಡ.

ನೀನು ಹಳಿಯ ಅಗಲದ ಬಗ್ಗೆ ಕೊರಗುತ್ತಿದ್ದೆ. 9 ಮಿ.ಮೀ.ಯನ್ನು 160ರಿಂದ ಗುಣಿಸಿದರೆ 1440, ಅಂದರೆ ಹೆಚ್ಚುಕಡಿಮೆ ಯುರೋಪಿನ ಗೇಜ್. ನಮ್ಮದು 1676, 1853ರಲ್ಲಿ ಬೋರಿಬಂದರಿನಿಂದ ಈ ಬೈಕುಲ್ಲಾ ದಾಟಿ ಠಾಣೆಗೆ ಹೋದ ಮೊದಲ ರೈಲಿಗೂ ಅದೇ ಅಗಲ. ನಿಖರವಾಗಿ ಮಾಡಲು ಹತ್ತೂವರೆ ಮಿ.ಮೀ. ಹಳಿ ಬೇಕು, ಅದನ್ನು ನೀನೇ ಕೈಯಾರೆ ಕಟ್ಟಬೇಕು. ನಿನ್ನ ಈ ವಯಸ್ಸಿನಲ್ಲಿ ಬೇಡ. ಓಡುವ ರೈಲು ಮೊದಲು ಆಗಲಿ.

ಈಗ ಕೊಕ್ಕೆ. ರಾಪಿಡೊ ಜರ್ಮನಿಯ ಆರ್ನಾಲ್ಡ್ ಕಂಪನಿಯದು, ಬೇರೆ ಕಂಪನಿಗಳೂ ಅದನ್ನೇ ಹಾಕಿ ಎನ್ ಸ್ಕೇಲಿಗೆಲ್ಲ ಅದೇ ರೂಢಿಯಾಯಿತು. ಗಟ್ಟಿ, ಆದರೆ ಕೈಯಲ್ಲಿ ಬಿಡಿಸಬೇಕಾದರೆ ಬೋಗಿ ಎತ್ತಬೇಕು, ನೋಟವೂ ಒಡ್ಡು. ಮೈಕ್ರೊ-ಟ್ರೇನ್ಸ್‌ನವರ ಬೆರಳು ಮಡಚಿದಂಥ ಕಪ್ಲರ್ ಹಳಿಯ ನಡುವಿನ ಅಯಸ್ಕಾಂತದ ಮೇಲೆ ತಾನೇ ಬಿಡುತ್ತದೆ. ಅದನ್ನು ಜೋಡಿಸುವಾಗ ಚಿಮಟವನ್ನೂ ಕೈಗಳನ್ನೂ ಒಂದು ಪಾರದರ್ಶಕ ಪಾಲಿಥೀನ್ ಚೀಲದೊಳಗೆ ಇಟ್ಟುಕೊಂಡು ಕೆಲಸ ಮಾಡು. ಅದರ ಸ್ಪ್ರಿಂಗ್ ಹಾರಿದರೆ ಚೀಲದಲ್ಲೇ ಉಳಿಯುತ್ತದೆ. ನೆಲಕ್ಕೆ ಬಿದ್ದರೆ ಸಿಗುವ ಮಾತಿಲ್ಲ. ಬಿಗಿ ಅನಿಸಿದರೆ ಪೆನ್ಸಿಲ್ ಸೀಸದ ಪುಡಿ ಸಾಕು. ಬೋಗಿಯ ಮೈಗೆ ಹಾಕಿದ ಕೊಕ್ಕೆಯ ಎತ್ತರ ಕಡಿಮೆಯಿದ್ದರೆ ಟ್ರಾಲಿಯ ತಿರುಗಣಿಯ ಮೇಲೆ ತೆಳು ವಾಷರ್ ಕೊಡು, ನಾವು ರಿಂಗ್ ಕೊಡುತ್ತಿದ್ದ ಹಾಗೆ. ಕಪ್ಲರಿನ ಕೆಳಗೆ ಇಳಿಬಿಟ್ಟ ಬಾಗಿದ ತಂತಿ ಪಾಯಿಂಟಿನ ಹಳಿಗೆ ತಾಗಬಾರದು, ಅಷ್ಟು ನೋಡಿಕೊ.

ಕೊಕ್ಕೆಯನ್ನು ಬೋಗಿಯ ಮೈಗೆ ಹಾಕಬೇಕೋ ಟ್ರಾಲಿಗೋ ಅಂತ ಕೇಳಿದ್ದೀಯ. ಪುಸ್ತಕದವರು ಮೈಗೆ ಎನ್ನುತ್ತಾರೆ, ರೈಲನ್ನು ಹಿಂದಕ್ಕೆ ತಳ್ಳುವಾಗ ಅದೇ ಒಳ್ಳೆಯದು. ಆದರೆ ಮಂಚದ ಕೆಳಗೆ ಸರಿಸುವ ಹಲಗೆಯ ಮೇಲೆ ನಿನ್ನ ಹಳಿ ಇರುವುದು, 25 ಸೆಂ.ಮೀ. ತ್ರಿಜ್ಯದ ತಿರುವು. ಅಂಥ ತಿರುವಿನಲ್ಲಿ ಉದ್ದ ಬೋಗಿಯ ಮೂತಿ ಹೊರಗೆ ಚಾಚಿ, ಮೈಗೆ ಹಾಕಿದ ಕೊಕ್ಕೆ ಪಕ್ಕದ ಬೋಗಿಯನ್ನು ಹಳಿಯಿಂದ ಎಳೆದು ಹಾಕುತ್ತದೆ. ಟ್ರಾಲಿಗೇ ಹಾಕು. ಹಿಂದಕ್ಕೆ ತಳ್ಳುವಾಗ ನಿಧಾನಿಸು.

ಎಲ್ಲ ಬೋಗಿಗಳನ್ನೂ ಒಂದೇ ರಾತ್ರಿಗೆ ಬದಲಿಸಲು ಹೋಗಬೇಡ. ಬೈಕುಲ್ಲಾ ಸ್ಟೇಶನ್ನಿನ ಮೇಲ್ಸೇತುವೆಯಿಂದ ಮೇಲ್ ಗಾಡಿಗಳನ್ನು ನೋಡು: ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಗೆ ಪಕ್ಕದ ಬಫರಿಲ್ಲ, ನಡುವೆ ಕಪ್ಲರ್ ಒಂದೇ, ಹಳೆಯ ಐಸಿಎಫ್‌ಗೆ ಬಫರೂ ಸ್ಕ್ರೂ ಕಪ್ಲಿಂಗೂ. ಎರಡನ್ನೂ ಎಳೆಯಬೇಕೆಂದು ಎಂಜಿನ್ನಿಗೆ ಎರಡೂ ಬಗೆಯ ಜೋಡಣೆ ಕೊಟ್ಟಿರುತ್ತಾರೆ. ನೀನೂ ಒಂದು ಬೋಗಿಗೆ ಒಂದು ಕಡೆ ರಾಪಿಡೊ, ಇನ್ನೊಂದು ಕಡೆ ಹೊಸದು ಹಾಕಿ ಇಟ್ಟುಕೊ. ಅದನ್ನು ನಡುವೆ ಸೇರಿಸಿದರೆ ಹಳೆಯವೂ ಹೊಸವೂ ಒಂದೇ ಗಾಡಿಯಲ್ಲಿ ಓಡುತ್ತವೆ. ಬಿಚ್ಚಿದ ಗಾಲಿ, ಕೊಕ್ಕೆಗಳನ್ನು ಬೋಗಿಯ ನಂಬರ್ ಬರೆದು ಡಬ್ಬಿಯಲ್ಲಿಡು. ಅದೇ ಬಜಾರಿಗೆ ಇನ್ನೊಂದು ಶುಕ್ರವಾರ ಹೋದಾಗ ಕೊಕ್ಕೆಯಿಲ್ಲದ ಬೋಗಿ ಸಿಕ್ಕರೆ ಬೇಕಾಗುತ್ತವೆ.