ನೀರಿಗಾಗಿಯೇ ಹುಟ್ಟಿದ ಮಸೂರ

ಕಳೆದ ಆಷಾಢದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸವಳಂಗ ರಸ್ತೆಯ ನಮ್ಮ ಶಾಲೆಗೆ ಬಂದು, ಬಟ್ಟೆಯಲ್ಲಿ ಸುತ್ತಿದ್ದ ಮಸೂರವೊಂದನ್ನು ಮೇಜಿನ ಮೇಲಿರಿಸಿದಳು. ನಿಕಾನ್ ಕಂಪೆನಿಯವರು ತಮ್ಮ ‘ನಿಕಾನೋಸ್’ ಎಂಬ ಜಲಾಂತರ ಕ್ಯಾಮರಾಕ್ಕೆಂದು ನಿರ್ಮಿಸಿದ 15 ಮಿಲಿಮೀಟರಿನ ವಿಶಾಲಕೋನ ಮಸೂರವದು, ಅವಳ ಸೋದರಮಾವನದು. ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗಿ, ಹವಳ ಮೀನುಗಳ ಚಿತ್ರಗಳನ್ನು ಇದರಿಂದಲೇ ತನ್ನ ಹೊಸ ಕನ್ನಡಿರಹಿತ ಕ್ಯಾಮರಾದಲ್ಲಿ ತೆಗೆಯಬೇಕೆಂಬುದು ಅವಳ ಆಸೆ. ದುರಸ್ತಿಯವನೊಬ್ಬನಾದರೋ, “ಚಿತ್ರ ಮಸುಕು, ಎಸೆದುಬಿಡಿ” ಎಂದಿದ್ದನಂತೆ.

ಒಂಬತ್ತನೆಯ ತರಗತಿಯ ಬಾಲಿಕೆಯರ ಮುಂದೆಯೇ ಅದನ್ನು ಪರೀಕ್ಷಿಸಿದೆವು. ಕಿಟಕಿಯತ್ತ ಹಿಡಿದು ಹಿಂದೆ ತೆಳುಕಾಗದವನ್ನಿಟ್ಟಾಗ ಬಿಂಬವು ಮಸುಕಾಗಿಯೇ ಇತ್ತು. ಬಳಿಕ ಕೋಣೆಯನ್ನು ಕತ್ತಲೆಮಾಡಿ, ಮೊಳದಾಳದ ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ, ಅದರಡಿಯಲ್ಲಿ ಕಪ್ಪು ಕಾಗದದಿಂದ ಕತ್ತರಿಸಿದ ದೊಡ್ಡ ‘ಅ’ಕಾರವನ್ನಿಟ್ಟು ದೀಪ ಹಚ್ಚಿದೆವು. ಮಸೂರದ ಮುಖವನ್ನು ಮಾತ್ರ ನೀರಿಗೆ ಸೋಕಿಸಿದೊಡನೆ, ಅಕ್ಕಿಕಾಳಿನಷ್ಟು ಚಿಕ್ಕದಾದ, ತಲೆಕೆಳಗಾದ ‘ಅ’ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿತು. ದುರಸ್ತಿಯವನು ಅದನ್ನು ಒಣಗಿದ ಕೈಯಲ್ಲಿ ನೋಡಿದ್ದನು, ಅಷ್ಟೆ.

ಕಾರಣವು ವಕ್ರೀಭವನದಲ್ಲಿದೆ. ವಕ್ರೀಭವನಾಂಕವು ಗಾಳಿಗೆ ಸುಮಾರು 1, ನೀರಿಗೆ 1.33, ಗಾಜಿಗೆ 1.5ರ ಸುತ್ತು. ಗಾಳಿಯಿಂದ ಗಾಜಿಗೆ ಬರುವ ಕಿರಣವು ಬಾಗುವಷ್ಟು ನೀರಿನಿಂದ ಬರುವ ಕಿರಣವು ಬಾಗದು. ಈ ಮಸೂರವನ್ನು ಲೆಕ್ಕಹಾಕಿದವರು ಸಮುದ್ರವನ್ನೇ ಅದರ ಮೊದಲ ಅಂಗವಾಗಿ ಎಣಿಸಿದ್ದರು. ಸಾಮಾನ್ಯ ಮಸೂರವನ್ನು ಚಪ್ಪಟೆ ಗಾಜಿನ ಹಿಂದಿಟ್ಟರೆ ವಸ್ತುಗಳು ಮೂರನೆಯ ಒಂದು ಪಾಲು ದೊಡ್ಡದಾಗಿ ಕಂಡು, ನೋಟದ ಅಗಲವು ಕುಗ್ಗುತ್ತದೆ. ಗುಮ್ಮಟಗಾಜಿನ ಹಿಂದಿಟ್ಟರೆ ಮೂಲೆಗಳು ಮಂಕಾಗುವುದುಂಟು. ಇದಾದರೋ ನೀರಿನೊಳಗೆ 94 ಅಂಶಗಳಷ್ಟು ಅಗಲವನ್ನು ಕಾಣುತ್ತದೆ. ಕದಡಿದ ನೀರಿನಲ್ಲಿ ವಸ್ತುವಿಗೆ ತೀರ ಸಮೀಪಿಸಲೇಬೇಕಾದವರಿಗೆ ಆ ಅಗಲವೇ ಮುಖ್ಯ.

ಇನ್ನು ಜೋಡಣೆ. 1963ರಲ್ಲಿ ಹೊರಟ ನಿಕಾನೋಸ್ ಕ್ಯಾಮರಾದಲ್ಲಿ ಮಸೂರದ ಪೀಠದಿಂದ ಫಿಲ್ಮಿಗಿದ್ದ ಅಂತರ 28 ಮಿಲಿಮೀಟರು. ಕನ್ನಡಿಯುಳ್ಳ ನಿಕಾನ್ ಕ್ಯಾಮರಾಗಳಲ್ಲಿ ಅದು 46.5 ಆದುದರಿಂದ ಮಸೂರವು ತಕ್ಕಷ್ಟು ಒಳಗೆ ಸರಿಯಲು ಎಡೆಯೇ ಇರಲಿಲ್ಲ. ಕನ್ನಡಿಯನ್ನು ತೆಗೆದುಹಾಕಿದ ಸೋನಿಯಲ್ಲಿ 18, ನಿಕಾನ್ ಜೆಡ್‌ನಲ್ಲಿ 16. ಉಳಿದ 10 ಅಥವಾ 12 ಮಿಲಿಮೀಟರನ್ನು ಲೋಹದ ಬಳೆಯೊಂದು ತುಂಬಬೇಕು. ಬಾಲಿಕೆಯರು ಈ ವ್ಯವಕಲನವನ್ನು ನಮಗಿಂತ ಬೇಗ ಮಾಡಿದರು.

ಆದರೆ ಬಳೆಯಿಂದಲೇ ಕೆಲಸ ತೀರದು. ಹಳೆಯ ಕ್ಯಾಮರಾಕ್ಕೆ ನೀರು ನುಗ್ಗುತ್ತಿರಲಿಲ್ಲ. ಹೊಸದನ್ನು ಜಲಭದ್ರ ಪೆಟ್ಟಿಗೆಯೊಳಗಿಟ್ಟು, ಮಸೂರದ ಮುಖವೂ ತಿರುಪುಗುಬಟುಗಳೂ ಹೊರಗೆ ನೀರಿನಲ್ಲಿರುವಂತೆ ಕೂಡಿಸಬೇಕು. ಹಾಂಗ್‌ಕಾಂಗಿನ ನಾಟಿಕಾಂ ಸಂಸ್ಥೆಯವರು ಸೋನಿ ಕ್ಯಾಮರಾಗಳಿಗೆ ಇಂಥ ಜೋಡಣೆಯನ್ನು ಮಾಡಿದ್ದುಂಟು. ಮಸೂರದ ಹಿಂಗಾಜು ಫಲಕಕ್ಕೆ ಬಲು ಹತ್ತಿರ ಚಾಚಿರುವುದರಿಂದ ಕಿರಣಗಳು ಅಂಚಿನಲ್ಲಿ ಓರೆಯಾಗಿ ಬಿದ್ದು, ಮೂಲೆಗಳಲ್ಲಿ ಬಣ್ಣಗೆಡುವುದೂ ಉಂಟು. ರಂಧ್ರವನ್ನು ಕಿರಿದುಮಾಡಿದರೆ ಮೂಲೆಗಳ ಮಸುಕು ಕೊಂಚ ತಗ್ಗುವುದಾದರೂ ಬಣ್ಣದ ದೋಷವು ಪೂರ್ತಿ ಹೋಗದು. ಇದನ್ನು ಅವಳಿಗೆ ಮುಚ್ಚಿಡಲಿಲ್ಲ.

ನಮಗೆ ಹೆಚ್ಚು ಚಿಂತೆಯಾದದ್ದು ರಬ್ಬರು ಉಂಗುರಗಳದು. ವರ್ಷಗಳಿಂದ ಒಣಗಿ ಬಿರಿದ ಉಂಗುರದ ಮೇಲೆ ಒಂದು ಕೂದಲೆಳೆ ಬಿದ್ದರೂ ಸಾಕು, ಕ್ಯಾಮರಾ ಉಪ್ಪುನೀರಿನ ಪಾಲು. ಎಲ್ಲವನ್ನೂ ಹೊಸದಾಗಿಸಿ, ಮೊದಲ ಸಲ ಕ್ಯಾಮರಾವಿಲ್ಲದೆ, ಪೆಟ್ಟಿಗೆಯೊಳಗೆ ತೆಳುಕಾಗದವನ್ನಷ್ಟೇ ಇಟ್ಟು ಮುಳುಗೆಂದು ಹೇಳಿ ಕಳುಹಿಸಿದೆವು. ಮಳೆಗಾಲ ಕಳೆದ ಮೇಲೆ ನೇತ್ರಾಣಿಯಿಂದ ನಮಗೆ ಮೊದಲು ಬಂದದ್ದು ಚಿತ್ರವಲ್ಲ, ಅಂಚೆಯ ಲಕೋಟೆಯಲ್ಲಿಟ್ಟ ಆ ಕಾಗದದ ಚೂರು. ಒದ್ದೆಯಾಗಿರಲಿಲ್ಲ.