ಮ್ಯಾಟಿನ ಮೇಲೆ ಬ್ಯಾಟಿಂಗ್: ಕ್ಲಬ್ ಕ್ರಿಕೆಟ್‌ನಲ್ಲಿ ಹಿಂಗಾಲಿನ ಆಟ

ಬೆಂಗಳೂರಿನ ಕ್ಲಬ್ ಲೀಗ್‌ನ ಕೆಳ ಡಿವಿಷನ್‌ಗಳಲ್ಲಿ ಮತ್ತು ಜಿಲ್ಲಾ ಕೇಂದ್ರಗಳ ಮೈದಾನಗಳಲ್ಲಿ ಲೆದರ್ ಬಾಲ್ ಕ್ರಿಕೆಟ್ ಬಹುಮಟ್ಟಿಗೆ ಮ್ಯಾಟ್ ಪಿಚ್‌ಗಳ ಮೇಲೆ ಬೆಳೆದುಬಂದದ್ದು. ಮ್ಯಾಟ್ ಪಿಚ್ ಎಂದರೆ ರೋಲರ್ ಹಾಯಿಸಿ ಗಟ್ಟಿ ಮಾಡಿದ ಮಣ್ಣಿನ ಅಥವಾ ಕಾಂಕ್ರೀಟಿನ ಪಟ್ಟಿಯ ಮೇಲೆ ತೆಂಗಿನ ನಾರಿನ ಉದ್ದ ಚಾಪೆಯನ್ನು ಹಾಸಿ, ಅಂಚಿನುದ್ದಕ್ಕೂ ಕಬ್ಬಿಣದ ಮೊಳೆಗಳನ್ನು ಹೊಡೆದು ಬಿಗಿದ ನೆಲ. ಹುಲ್ಲಿನ ಬೇರು ಹಿಡಿದಿಟ್ಟ ಟರ್ಫ್ ಪಿಚ್‌ನಲ್ಲಿ ಚೆಂಡು ನೆಲಕ್ಕೆ ತಾಗಿದಾಗ ತನ್ನ ರಭಸದ ಒಂದಷ್ಟು ಭಾಗವನ್ನು ಮಣ್ಣಿಗೆ ಬಿಟ್ಟು ಮುಂದೆ ಜಾರುತ್ತದೆ. ಮ್ಯಾಟಿನ ಒರಟು ನಾರಾದರೋ ಚೆಂಡಿನ ಸೀಮನ್ನು, ಅಂದರೆ ಅದರ ನಡುವಿನ ಹೊಲಿಗೆಯನ್ನು, ಹಿಡಿದು ಮೇಲಕ್ಕೆಸೆಯುತ್ತದೆ. ಆದ್ದರಿಂದ ಟರ್ಫ್ ಮೇಲೆ ಮೊಣಕಾಲಿನ ಎತ್ತರಕ್ಕೆ ಬರುವ ಗುಡ್ ಲೆಂತ್ ಚೆಂಡು ಮ್ಯಾಟಿನ ಮೇಲೆ ಸೊಂಟದ ತನಕ, ಕೆಲವೊಮ್ಮೆ ಎದೆಯ ತನಕ ಏರುತ್ತದೆ. ಮ್ಯಾಟನ್ನು ಬಿಗಿಯಾಗಿ ಎಳೆದಿದ್ದರೆ ಈ ಪುಟಿತ ಎತ್ತರವಾದರೂ ನಂಬಿಕೆಗೆ ಯೋಗ್ಯವಾಗಿರುತ್ತದೆ. ಸಡಿಲವಾಗಿದ್ದರೆ ಒಂದು ಚೆಂಡು ನಿಂತು ಬರುತ್ತದೆ, ಇನ್ನೊಂದು ಹಾರುತ್ತದೆ, ಮತ್ತೊಂದು ಬೌಲರ್‌ಗೂ ಗೊತ್ತಿಲ್ಲದ ಕಡೆಗೆ ತಿರುಗುತ್ತದೆ.

ಇದು ಕೆಳಮಟ್ಟದ ಕ್ರಿಕೆಟ್‌ಗಷ್ಟೇ ಸೇರಿದ ವಿಚಾರವಲ್ಲ. ದಕ್ಷಿಣ ಆಫ್ರಿಕದಲ್ಲಿ ಆರಂಭದ ದಶಕಗಳ ಟೆಸ್ಟ್ ಪಂದ್ಯಗಳು ಮ್ಯಾಟಿನ ಮೇಲೆಯೇ ನಡೆದವು. 1952ರಲ್ಲಿ ಲಖನೌದ ಸೆಣಬಿನ ಮ್ಯಾಟಿನ ಮೇಲೆ ಪಾಕಿಸ್ತಾನದ ಫಜಲ್ ಮಹಮೂದ್ 12 ವಿಕೆಟ್ ಕಿತ್ತು ಭಾರತವನ್ನು ಇನಿಂಗ್ಸ್ ಅಂತರದಿಂದ ಸೋಲಿಸಿದರು, 1956ರಲ್ಲಿ ಕರಾಚಿಯಲ್ಲಿ ಅವರೇ 13 ವಿಕೆಟ್ ಪಡೆದ ಟೆಸ್ಟ್‌ನಲ್ಲಿ ಆಸ್ಟ್ರೇಲಿಯ ಮೊದಲ ಇನಿಂಗ್ಸ್‌ನಲ್ಲಿ 80 ರನ್‌ಗಳಿಗೆ ಮುಗಿಯಿತು. ಫಜಲ್ ಅವರ ಮುಖ್ಯ ಅಸ್ತ್ರ ಲೆಗ್ ಕಟರ್. ಬೆರಳುಗಳನ್ನು ಸೀಮಿನ ಮೇಲೆ ಅಡ್ಡಲಾಗಿ ಎಳೆದು ಬಿಡುವ, ನೆಲಕ್ಕೆ ತಾಗಿದ ಮೇಲೆ ಬಲಗೈ ದಾಂಡಿಗನಿಂದ ಹೊರಕ್ಕೆ ಸಿಡಿಯುವ ಎಸೆತವದು, ಅದಕ್ಕೆ ಮ್ಯಾಟಿನ ಹಿಡಿತಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ. ಇದೇ ನೆಲ ದಾಂಡಿಗರನ್ನೂ ರೂಪಿಸಿದೆ. ಡಾನ್ ಬ್ರಾಡ್ಮನ್ ಹುಡುಗನಾಗಿ ಆಡಿದ್ದು ಬೌರಲ್ ಎಂಬ ಚಿಕ್ಕ ಊರಿನಲ್ಲಿ, ಮ್ಯಾಟ್ ಹೊದಿಸಿದ ಕಾಂಕ್ರೀಟ್ ಪಿಚ್‌ಗಳ ಮೇಲೆ. ಅವರ ಪುಲ್ ಹೊಡೆತದ ಹಿಂದೆ, ಎದೆಯೆತ್ತರಕ್ಕೆ ಬರುವ ಚೆಂಡನ್ನು ಹಿಂದೆ ಸರಿದು ನೆಲಕ್ಕೆ ಬಡಿಯಲೇಬೇಕಾಗಿದ್ದ ಆ ದಿನಗಳ ಅಭ್ಯಾಸವಿದೆ.

ಇಷ್ಟು ಸ್ಪಷ್ಟವಾದ ಇತಿಹಾಸವಿದ್ದರೂ ಕ್ಲಬ್‌ಗಳ ನೆಟ್ಸ್‌ನಲ್ಲಿ ಇಂದಿಗೂ ಹೊಸಬನಿಗೆ ಮೊದಲ ದಿನವೇ ಕಲಿಸುವುದು ಫ್ರಂಟ್‌ಫುಟ್ ಡಿಫೆನ್ಸ್, ಎಂದರೆ ಮುಂಗಾಲನ್ನು ಚೆಂಡು ಬೀಳುವ ಜಾಗದತ್ತ ಚಾಚಿ, ಬ್ಯಾಟನ್ನು ಪ್ಯಾಡಿಗೆ ತಾಗುವಷ್ಟು ಹತ್ತಿರ ತಂದು ತಡೆಯುವ ಆಟ. ಟರ್ಫ್ ಮೇಲೆ ಇದು ಸರಿಯಾದ ಪಾಠ. ಪ್ರಸ್ತುತ ಲೇಖಕ ಆಡುತ್ತಿದ್ದ ಕ್ಲಬ್ಬಿನ ತರಬೇತುದಾರರು ತಮ್ಮ ಕಾಲದಲ್ಲಿ ಟರ್ಫ್ ಮೇಲೆ ಆಡಿ ಹೆಸರು ಮಾಡಿದವರು. ತಂಡದ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ ನಡೆಯುತ್ತಿದ್ದರೂ ಅವರ ಪಾಠ ಬದಲಾಗಲಿಲ್ಲ. ಹಿಂಗಾಲಿನ ಮೇಲೆ ಆಡಿದವನು ಹೆದರುಪುಕ್ಕಲನೆಂಬುದು ಅವರ ಖಚಿತ ನಂಬಿಕೆಯಾಗಿತ್ತು, ಮತ್ತು ಆ ನಂಬಿಕೆಯನ್ನು ಪ್ರಶ್ನಿಸಿದವರಿಗೆ ನೆಟ್ಸ್‌ನಲ್ಲಿ ಸಿಗುತ್ತಿದ್ದದ್ದು ಸಂಜೆಯ ಕೊನೆಯ ಸರದಿ, ಬೆಳಕು ಕಂದಿ ಬೌಲರ್‌ಗಳು ದಣಿದ ಮೇಲಿನ ಸರದಿ. ಒಂದಿಡೀ ಋತುವಿನಲ್ಲಿ ತಂಡದ ಮೇಲಿನ ಕ್ರಮಾಂಕದ ದಾಂಡಿಗರು ಒಬ್ಬರಾದ ಮೇಲೊಬ್ಬರು ಸ್ಲಿಪ್‌ನಲ್ಲೋ ಗಲ್ಲಿಯಲ್ಲೋ ಕ್ಯಾಚ್ ಕೊಟ್ಟು ಹಿಂದಿರುಗಿದರೂ ದೋಷವನ್ನು ಅವರ ಮನೋಬಲದಲ್ಲಿ ಹುಡುಕಲಾಯಿತೇ ಹೊರತು ನೆಲಕ್ಕೂ ಪಾಠಕ್ಕೂ ಇದ್ದ ಹೊಂದಾಣಿಕೆಯ ಕೊರತೆಯಲ್ಲಿ ಹುಡುಕಲಿಲ್ಲ.

ಆ ಋತುವಿನ ಕೊನೆಯ ಭಾಗದಲ್ಲಿ, ನಗರದ ಹೊರವಲಯದ ಒಂದು ಮೈದಾನದಲ್ಲಿ ನಡೆದ ಲೀಗ್ ಪಂದ್ಯವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ದಾಖಲಿಸಬೇಕು. ಹಿಂದಿನ ರಾತ್ರಿ ಮಳೆ ಬಂದು ನಿಂತಿತ್ತು. ಉಗ್ರಾಣದಿಂದ ಸುರುಳಿಯಾಗಿಯೇ ಹೊತ್ತು ತಂದು ಹಾಸಿದ ಮ್ಯಾಟು ಒಂದು ಬದಿಯಲ್ಲಿ ತೇವ ಹಿಡಿದು ಹಿಗ್ಗಿತ್ತು. ಪೆವಿಲಿಯನ್ ಕಡೆಯ ತುದಿಯಲ್ಲಿ ಆಫ್ ಬದಿಯ ಅಂಚಿಗೆ ಮೊಳೆಗಳೇ ಇರಲಿಲ್ಲ, ಬಟ್ಟೆಯ ಕಣ್ಣುಗಳು ಮಾತ್ರ ಖಾಲಿ ತೆರೆದುಕೊಂಡಿದ್ದವು. ಅದರಿಂದಾಗಿ ಗುಡ್ ಲೆಂತ್ ಜಾಗಕ್ಕೆ ಸರಿಯಾಗಿ, ಆಫ್ ಸ್ಟಂಪಿನ ಸಾಲಿನಲ್ಲಿ, ಬೆರಳು ದಪ್ಪದ ಒಂದು ಮಡಿಕೆ ಎದ್ದಿತ್ತು. ಭೇಟಿ ತಂಡದ ನಾಯಕ ಟಾಸ್‌ಗೆ ಮುಂಚೆಯೇ ಅದನ್ನು ತೋರಿಸಿದಾಗ ಆತಿಥೇಯ ಕ್ಲಬ್ಬಿನ ಕಾರ್ಯದರ್ಶಿ, ಎಲ್ಲ ತಂಡಗಳೂ ಇದರ ಮೇಲೆಯೇ ಆಡಿ ಹೋಗಿವೆ ಎಂದು ಉತ್ತರಿಸಿದರು. ಅಂಪೈರ್ ಗಡಿಯಾರ ನೋಡಿ ಆಟ ತಡವಾಗುತ್ತಿದೆ ಎಂದರು. ಮೊಳೆ ತರಲು ಯಾರೂ ಹೋಗಲಿಲ್ಲ.

ಮೂರನೆಯ ಕ್ರಮಾಂಕದಲ್ಲಿ ಈ ಲೇಖಕ ಕ್ರೀಸಿಗೆ ಬಂದಾಗ ಆ ತುದಿಗೆ ಎಸೆಯುತ್ತಿದ್ದವನು ಎತ್ತರದ ಮಧ್ಯಮ ವೇಗಿ. ಮೊದಲ ಚೆಂಡು ಮಡಿಕೆಯ ಈಚೆಗೆ ಬಿದ್ದು ಸೊಂಟದೆತ್ತರಕ್ಕೆ ಬಂತು. ಎರಡನೆಯದು ಬಹುತೇಕ ಅದೇ ಜಾಗದಲ್ಲಿ ಬಿದ್ದರೂ ಮೇಲೇಳದೆ ಹಿಮ್ಮಡಿಯ ಪಕ್ಕದಲ್ಲಿ ನುಸುಳಿತು. ಬ್ಯಾಟಿನ ತುದಿಯಿಂದ ಮಡಿಕೆಯನ್ನು ತಟ್ಟಿ, ಬೂಟಿನಿಂದ ಒತ್ತಿ, ಕೊನೆಗೆ ಅಂಪೈರ್ ಬಳಿಗೆ ಹೋಗಿ ಎರಡು ಮೊಳೆಯನ್ನಾದರೂ ಹೊಡೆಸಿರೆಂದು ಕೇಳಿಕೊಂಡದ್ದಕ್ಕೆ ಸಿಕ್ಕ ಉತ್ತರ, ಕಾಲಹರಣ ಮಾಡಬಾರದೆಂಬ ಎಚ್ಚರಿಕೆ. ಬೌಂಡರಿ ಗೆರೆಯಿಂದ ತರಬೇತುದಾರರ ಕೂಗು ನಿಂತಿರಲಿಲ್ಲ: ಮುಂದೆ ಬಾ, ಕಾಲು ಮುಂದೆ ಇಡು. ಆ ಕೂಗನ್ನು ಪಾಲಿಸಿ ಎಡಗಾಲನ್ನು ಪೂರ್ತಿ ಚಾಚಿದಾಗ, ತಲೆ ಮ್ಯಾಟಿನ ಕಡೆಗೆ ಬಾಗಿ, ಚೆಂಡು ಏರುವ ದಾರಿಗೇ ಎದೆ ಮತ್ತು ಕೈಗಳು ಎದುರಾದವು. ಮಡಿಕೆಗೆ ಬಡಿದ ಚೆಂಡು ಎದೆಯತ್ತ ನೆಗೆಯಿತು. ಅದರ ದಾರಿಯಿಂದ ಬ್ಯಾಟನ್ನು ಇಳಿಸುವ ಯತ್ನದಲ್ಲಿ ಬಲಗೈ ಹಿಡಿಯನ್ನು ಬಿಟ್ಟು ಮೇಲೆದ್ದಿತ್ತು, ಎಡಗೈ ಮಾತ್ರ ಬ್ಯಾಟನ್ನು ಕೆಳಗೆ ಹಿಡಿದಿತ್ತು. ಹಿಡಿಯಿಂದ ಒಂದು ಗೇಣು ದೂರ ಗಾಳಿಯಲ್ಲಿದ್ದ ಆ ಬಲಗೈಯ ತೋರುಬೆರಳಿಗೆ ಚೆಂಡು ನೇರವಾಗಿ ಬಡಿದು ಗಲ್ಲಿಯ ಫೀಲ್ಡರ್ ಕೈಗೆ ಸೇರಿತು. ಅಪೀಲಿನ ಕೂಗು ಮುಗಿಯುವ ಮೊದಲೇ ಅಂಪೈರ್ ಬೆರಳು ಎತ್ತಿಯಾಗಿತ್ತು. ಗ್ಲೌಸ್ ಬಿಚ್ಚಿದಾಗ ಉಗುರು ಕಪ್ಪಾಗಿತ್ತು, ಬೆರಳಿನ ಮೊದಲ ಗೆಣ್ಣು ಪಕ್ಕಕ್ಕೆ ವಾಲಿತ್ತು, ಗ್ಲೌಸಿನ ಒಳಬಟ್ಟೆಗೆ ರಕ್ತ ಅಂಟಿತ್ತು. ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಖಚಿತವಾಯಿತು. ಅದೇ ಸಂಜೆ ತರಬೇತುದಾರರು ಇಡೀ ತಂಡದ ಮುಂದೆ ಹೇಳಿದ್ದು, ಕಾಲು ಇನ್ನೂ ಅರ್ಧ ಅಡಿ ಮುಂದೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು.

ಅಂಪೈರ್ ಕೊಟ್ಟ ಆ ಔಟ್ ತೀರ್ಪು ತಪ್ಪು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡಬೇಕು. ಎಂ.ಸಿ.ಸಿ. ನಿಯಮಾವಳಿಯ 5ನೆಯ ನಿಯಮದ ಪ್ರಕಾರ ಬ್ಯಾಟನ್ನು ಹಿಡಿದಿರುವ ಕೈ, ಅಥವಾ ಬ್ಯಾಟನ್ನು ಹಿಡಿದಿರುವ ಕೈಗೆ ಹಾಕಿದ ಗ್ಲೌಸ್ ಮಾತ್ರ ಬ್ಯಾಟಿನ ಭಾಗವೆನಿಸುತ್ತದೆ. ಹಿಡಿಯನ್ನು ಬಿಟ್ಟ ಕೈಗೆ ತಾಗಿದ ಚೆಂಡು ದೇಹಕ್ಕೆ ತಾಗಿದ ಚೆಂಡೇ. ಅದರಿಂದ ಬಂದ ಕ್ಯಾಚ್ ಕ್ಯಾಚಲ್ಲ. ಕ್ಲಬ್ ಕ್ರಿಕೆಟ್ ಆಡುವ ಎಷ್ಟೋ ಮಂದಿಗೆ, ಕೆಲವು ಅಂಪೈರ್‌ಗಳಿಗೂ, ಈ ವ್ಯತ್ಯಾಸ ನೆನಪಿರುವುದಿಲ್ಲ. ಅದಕ್ಕಿಂತ ಗಂಭೀರವಾದ ಲೋಪ ಪಿಚ್‌ನದು. 6ನೆಯ ನಿಯಮ ಟರ್ಫ್ ಅಲ್ಲದ ಪಿಚ್‌ಗೆ ಕನಿಷ್ಠ 17.68 ಮೀಟರ್ ಉದ್ದ, 1.83 ಮೀಟರ್ ಅಗಲ ಇರಬೇಕೆಂದು ಅಳತೆಯನ್ನು ಗೊತ್ತುಮಾಡಿದೆ. ಅಳತೆ ಸರಿಯಿದ್ದ ಮಾತ್ರಕ್ಕೆ ಮ್ಯಾಟು ಆಟಕ್ಕೆ ಯೋಗ್ಯವಾಗುವುದಿಲ್ಲ, ಅದನ್ನು ಎಳೆದು ಬಿಗಿಯುವ ಹೊಣೆ ಮೈದಾನವನ್ನು ಒದಗಿಸಿದವರದು. ಎರಡು ಮೊಳೆ ಹೊಡೆಸದ ಆ ಕಾರ್ಯದರ್ಶಿಯ ಉದಾಸೀನವೇ ಒಬ್ಬ ಆಟಗಾರನ ಮೂಳೆ ಮುರಿಯಲು ಕಾರಣ.

ಬಲಗೈಗೆ ಪಟ್ಟಿ ಬಿಗಿದ ವಾರಗಳಲ್ಲಿ ಲೇಖಕನಿಗೆ ಉಳಿದದ್ದು ಎಡಗೈ ಒಂದೇ, ಮತ್ತು ಮ್ಯಾಟಿನ ಮೇಲಿನ ಬ್ಯಾಟಿಂಗ್‌ನ ಗುಟ್ಟು ತಿಳಿದದ್ದು ಆ ಕೈಯಿಂದಲೇ. ಬಲಗೈ ದಾಂಡಿಗನಿಗೆ ಹಿಡಿಯ ಮೇಲ್ತುದಿಯಲ್ಲಿರುವುದು ಎಡಗೈ. ಬ್ಯಾಟನ್ನು ನೇರವಾಗಿರಿಸುವುದೂ ಮೊಣಕೈಯನ್ನು ಎತ್ತರಕ್ಕೆ ಒಯ್ಯುವುದೂ ಅದರ ಕೆಲಸ. ಮನೆಯ ತಾರಸಿಯಲ್ಲಿ ಸಿಮೆಂಟಿಗೆ ನೀರು ಹಾಕಿ, ಒದ್ದೆಯಾದ ಟೆನಿಸ್ ಬಾಲನ್ನು ಹತ್ತಿರದಿಂದ ಎಸೆಸಿಕೊಂಡರೆ ಅದು ಒಣ ಚೆಂಡಿನಂತೆ ನಿಧಾನಿಸದೆ ಜಾರಿ ರಭಸದಿಂದ ಮೇಲೇಳುತ್ತದೆ. ಅದನ್ನು ಒಂಟಿ ಎಡಗೈಯಿಂದ, ಹಿಂಗಾಲಿನ ಮೇಲೆ ನಿಂತು, ಕಾಲ ಬುಡಕ್ಕೇ ಇಳಿಸುವುದು ಅಭ್ಯಾಸ. ಕೈ ಸಡಿಲವಾಗಿದ್ದಷ್ಟೂ ಚೆಂಡು ಹತ್ತಿರವೇ ಬೀಳುತ್ತದೆ, ಬಿಗಿದಷ್ಟೂ ಗಲ್ಲಿಯ ಕಡೆಗೆ ಹಾರುತ್ತದೆ. ಟೆನಿಸ್ ಬಾಲ್ ಕ್ರಿಕೆಟ್‌ನಿಂದ ಬಂದವರಿಗೆ ಇದು ಮುಖ್ಯ, ಏಕೆಂದರೆ ಅವರ ಬಲಗೈ ಎಲ್ಲವನ್ನೂ ಲೆಗ್ ಕಡೆಗೆ ಎತ್ತಿ ಬೀಸಲು ಕಲಿತಿರುತ್ತದೆ.

ಹಿಂದೆ ಸರಿಯುವುದೆಂದರೆ ಓಡಿಹೋಗುವುದಲ್ಲ. ಹಿಂಗಾಲನ್ನು ಆಫ್ ಸ್ಟಂಪಿನ ಮುಂದಕ್ಕೆ, ಕ್ರೀಸಿನ ಆಳಕ್ಕೆ, ಕ್ರೀಸಿನ ಗೆರೆಗೆ ಸಮಾನಾಂತರವಾಗಿ ಇಡುವ ಒಂದೇ ಹೆಜ್ಜೆಯದು. ಸ್ಟಂಪಿಗೂ ಮುಂದಿನ ಕ್ರೀಸಿಗೂ ನಡುವೆ 1.22 ಮೀಟರ್ ಇದೆ. ಕ್ಲಬ್ ಮಟ್ಟದ ಒಳ್ಳೆಯ ವೇಗಿಯ 120 ಕಿ.ಮೀ. ವೇಗದ ಚೆಂಡು ಕೈಬಿಟ್ಟ ಮೇಲೆ ದಾಂಡಿಗನನ್ನು ತಲುಪಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕಾಗಿರುವಾಗ, ಆ ಜಾಗದ ಪ್ರತಿ ಅಂಗುಲವೂ ನೋಡುವ ಸಮಯವನ್ನು ಹೆಚ್ಚಿಸುತ್ತದೆ. ಎಲ್‌ಬಿಡಬ್ಲ್ಯು ಆಗಬಹುದೆಂಬ ಭಯ, ಅಂದರೆ ಸ್ಟಂಪಿಗೆ ತಾಗಲಿದ್ದ ಚೆಂಡು ಕಾಲಿಗೆ ಅಡ್ಡವಾಗಿ ಔಟಾಗುವ ಭಯ, ಬಿಗಿದ ಮ್ಯಾಟಿನ ಮೇಲೆ ಬಹುಮಟ್ಟಿಗೆ ಕಾರಣವಿಲ್ಲದ್ದು. ಸ್ಟಂಪಿನ ಎತ್ತರ 71.1 ಸೆಂ.ಮೀ.; ಹಿಂದೆ ಸರಿದವನ ಪ್ಯಾಡಿನ ಮೇಲಂಚಿಗೆ ಏರುತ್ತಲೇ ಬಂದು ತಾಗುವ ಚೆಂಡು ಸ್ಟಂಪಿನ ಮೇಲಿಂದ ಹೋಗುವ ಸಂಭವವೇ ಹೆಚ್ಚು. ಇದನ್ನು ಕಣ್ಣಿಗೆ ಅಭ್ಯಾಸ ಮಾಡಿಸಿದ ದಾಂಡಿಗ ಎಷ್ಟೋ ಚೆಂಡುಗಳನ್ನು ಆಡದೆ ಬಿಡಬಲ್ಲ. ರನ್ ಬರುವುದು ಸ್ಕ್ವೇರ್ ಕಟ್ ಮತ್ತು ಪುಲ್‌ನಿಂದ. ಕಟ್ ಹೇಗಿರಬೇಕೆಂಬುದಕ್ಕೆ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರಿಗಿಂತ ಬೇರೆ ಮಾದರಿಯನ್ನು ಕನ್ನಡಿಗ ಹುಡುಕಬೇಕಾಗಿಲ್ಲ. ತೀರ ಮುಂದೆ ಬಿದ್ದ ಚೆಂಡಿಗೆ ಮಾತ್ರ ಮುಂಗಾಲು.

ಬೆರಳು ಕೂಡಿದ ಮೇಲೆ ಬಂದ ಋತುವಿನಲ್ಲಿ ಈ ಲೇಖಕ ಇನ್ನೊಂದು ಕ್ಲಬ್ಬಿನ ಪರವಾಗಿ ಇನಿಂಗ್ಸ್ ಆರಂಭಿಸಿ, ಮ್ಯಾಟಿನ ಮೇಲೆ ಕೊನೆಯ ತನಕ ಔಟಾಗದೆ ಉಳಿದ ದಿನಗಳಿವೆ. ಹಳೆಯ ತರಬೇತುದಾರರು ಅದನ್ನು ಅದೃಷ್ಟವೆಂದರು. ಅವರ ನೆಟ್ಸ್‌ನಲ್ಲಿ ಈಗಲೂ ಹುಡುಗರು ಎಡಗಾಲನ್ನು ಮುಂದೆ ಚಾಚುತ್ತಿದ್ದಾರೆ, ಕಿರಿಯರಿಗೆ ಕತ್ತಲಾದ ಮೇಲಿನ ಸರದಿಯೇ ಸಿಗುತ್ತಿದೆ. ಮ್ಯಾಟಿನ ಮೇಲೆ ಪಂದ್ಯವಾಡುವ ಪ್ರತಿ ಕ್ಲಬ್ ತನ್ನ ಅಭ್ಯಾಸವನ್ನೂ ಮ್ಯಾಟಿನ ಮೇಲೆಯೇ, ಹಿಂಗಾಲಿನ ಆಟದಿಂದಲೇ ಆರಂಭಿಸಬೇಕು. ಲೀಗ್ ನಡೆಸುವವರಲ್ಲಿ ಮಾಡುವ ವಿನಂತಿ ಇಷ್ಟು: ಟಾಸ್‌ಗೆ ಮುನ್ನ ಇಬ್ಬರು ನಾಯಕರೂ ಅಂಪೈರ್ ಜೊತೆಗೆ ನಡೆದು ಮ್ಯಾಟಿನ ನಾಲ್ಕೂ ಅಂಚುಗಳನ್ನು ಎಳೆದು ನೋಡಿ, ಮೊಳೆಗಳು ಪೂರ್ತಿ ಇವೆಯೆಂದು ಸ್ಕೋರ್ ಪುಸ್ತಕದಲ್ಲಿ ಸಹಿ ಹಾಕಿದ ಮೇಲಷ್ಟೇ ಆಟ ಆರಂಭವಾಗುವ ಕ್ರಮವನ್ನು ಮುಂದಿನ ಋತುವಿನಿಂದಲೇ ಜಾರಿಗೆ ತರಬೇಕು.